ಬುಝೂಕಿಯ ಕುದುರೆ ಉಜ್ಜಿದ ಕಥೆ

ನಾನು ಮೆಲ್ಬರ್ನ್‌ನಲ್ಲಿ ತಂತಿ ವಾದ್ಯ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಲ್ಲಿದ್ದೇನೆ. ಗಿಟಾರ್, ಮ್ಯಾಂಡೊಲಿನ್ ಜಾಸ್ತಿ ಬರುತ್ತವೆ. ಗ್ರೀಕರ ಬುಝೂಕಿಯೂ (ದುಂಡು ಹೊಟ್ಟೆ, ಉದ್ದ ಕತ್ತಿನ ತಂತಿ ವಾದ್ಯ) ಬರುತ್ತಿರುತ್ತದೆ, ಯಾಕಂದ್ರೆ ಈ ಊರಲ್ಲಿ ಗ್ರೀಕರು ಬಹಳ. 1952ರಲ್ಲಿ ಗ್ರೀಸ್ ಮತ್ತು ಆಸ್ಟ್ರೇಲಿಯಾ ನಡುವೆ ವಲಸೆ ಒಪ್ಪಂದವಾದ ಮೇಲೆ ಸಾವಿರಾರು ಜನ ಹಡಗು ಹತ್ತಿ ಬಂದರು. ನಮ್ಮ ಅಂಗಡಿಯ ಯಜಮಾನರೂ ಗ್ರೀಕರೇ. ಗಿರಾಕಿಗಳು ಅವರನ್ನು ‘ಮಾಸ್ತೊರಾ’ ಅಂತ ಕರೆಯುತ್ತಾರೆ. ನಮ್ಮ ‘ಮೇಸ್ತ್ರಿ’ಗೂ ಆ ಪದಕ್ಕೂ ಬೇರು ಒಂದೇ ಅಂತ ತಿಳಿದ ದಿನದಿಂದ ನಾನೂ ಹಾಗೇ ಕರೆಯುತ್ತೇನೆ.

ಹೋದ ಚಳಿಗಾಲದಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಹಳೆಯ ಬುಝೂಕಿ ತಂದರು. ಅವರ ತಂದೆಯದು. ಮೂರು ಜೋಡಿ ತಂತಿಯದು, ಅಂದರೆ ಹಳೇ ಕ್ರಮದ್ದು. ಈಗ ಹೆಚ್ಚಾಗಿ ಕಾಣುವ ನಾಲ್ಕು ಜೋಡಿಯದನ್ನು ಮನೋಲಿಸ್ ಹಿಯೋತಿಸ್ ಎಂಬ ಗ್ರೀಕ್ ವಾದಕ 1950ರ ದಶಕದಲ್ಲಿ ಜನಪ್ರಿಯ ಮಾಡಿದ್ದು. ಮೂರು ಜೋಡಿಯದರ ಶ್ರುತಿ ಪಾಶ್ಚಾತ್ಯ ಸ್ವರಗಳಲ್ಲಿ ರೆ-ಲಾ-ರೆ. ನಮ್ಮ ಕಿವಿಗೆ ಅದು ಶುದ್ಧ ಸ-ಪ-ಸ! ಮೈಸೂರಲ್ಲಿ ವೀಣೆ ಕೆಲಸ ನೋಡಿಕೊಂಡು ಬೆಳೆದ ನನಗೆ ಈ ವಾದ್ಯ ಬೇಗ ಹತ್ತಿರವಾಗಿದ್ದು ಇದರಿಂದಲೇ ಇರಬೇಕು.

“ಇದನ್ನ ಹೊಸದು ಮಾಡಬೇಡಪ್ಪ, ನುಡಿಸೋ ಹಾಗಾದ್ರೆ ಸಾಕು” ಅಂದರು.

ತೊಂದರೆಗಳು ಕಣ್ಣಿಗೇ ಕಾಣುತ್ತಿದ್ದವು. ಬುಝೂಕಿಯ ಹೊಟ್ಟೆಯನ್ನು ಒಂದೇ ಮರದಲ್ಲಿ ಕೊರೆಯುವುದಿಲ್ಲ. ತೆಳ್ಳಗಿನ ಪಟ್ಟಿಗಳನ್ನು ಬಗ್ಗಿಸಿ, ಒಂದರ ಪಕ್ಕ ಒಂದು ಅಂಟಿಸುತ್ತಾರೆ. ಅದರಲ್ಲಿ ಎರಡು ಕಡೆ ಸಂದು ಬಿಟ್ಟಿತ್ತು. ಮುಖದ ಹಲಗೆಯಲ್ಲಿ ಉದ್ದಕ್ಕೆ ಒಂದು ಬಿರುಕು. ಜೊತೆಗೆ ದಂಡಿಯ, ಅಂದರೆ ಉದ್ದ ಕತ್ತಿನ, ಮೇಲಿರುವ ಮೆಟ್ಟಿಲುಗಳಿಂದ (ಲೋಹದ ಅಡ್ಡಪಟ್ಟಿಗಳಿಂದ) ತಂತಿಗಳು ಸಿಕ್ಕಾಪಟ್ಟೆ ಎತ್ತರ. ಹನ್ನೆರಡನೇ ಮೆಟ್ಟಿಲಲ್ಲಿ ಅಳೆದರೆ 5 ಮಿಲಿಮೀಟರ್. ಎರಡೂವರೆ ಇದ್ದರೆ ಚೆನ್ನ. ಐದರಲ್ಲಿ ನುಡಿಸಿದರೆ ಬೆರಳು ಕಿತ್ತು ಬರುತ್ತದೆ.

ಮಾಸ್ತೊರಾ ಅವತ್ತು ಅಂಗಡಿಯಲ್ಲಿ ಇರಲಿಲ್ಲ. ಎತ್ತರ ತಾನೆ, ಕುದುರೆ (ಮುಖದ ಹಲಗೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಇಳಿಸಿದರಾಯಿತು ಅಂದುಕೊಂಡೆ. ಬುಝೂಕಿಯ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡಕ್ಕೇ ನಿಂತಿರುತ್ತದೆ. ತಂತಿ ಸಡಿಲಿಸಿದರೆ ಕೈಗೆ ಬಂತು. ಮರಳು ಕಾಗದದ ಮೇಲಿಟ್ಟು ಅದರ ತಳ ಉಜ್ಜಿದೆ. ಎರಡು ಮಿಲಿಮೀಟರ್ ಹೋಯಿತು.

ಲೆಕ್ಕ ನೋಡಿ. ಹನ್ನೆರಡನೇ ಮೆಟ್ಟಿಲು ಇರುವುದು ತಂತಿಯ ಸರಿ ಅರ್ಧಕ್ಕೆ. ಹಾಗಾಗಿ ಕುದುರೆ ಎರಡು ಇಳಿದರೆ ಅಲ್ಲಿ ಇಳಿಯುವುದು ಒಂದೇ. ನಾಲ್ಕು ಇನ್ನೂ ಉಳಿದಿತ್ತು. ತಂತಿ ಕುದುರೆಯನ್ನು ಕೆಳಕ್ಕೆ ಒತ್ತುವ ಬಲ ಕಡಿಮೆಯಾಗಿ ದನಿಯೂ ಸೊರಗಿತು. ಇನ್ನೂ ಉಜ್ಜೋಣ ಅಂತ ಹೊರಟವನಿಗೆ ಯಾಕೋ ಅನುಮಾನ ಬಂತು. ದಂಡಿಯ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿದೆ. ನಡುವೆ ಬೆಳಕು ಕಂಡಿತು. ದಂಡಿಯೇ ಬಿಲ್ಲಿನಂತೆ ಮುಂದಕ್ಕೆ ಬಾಗಿತ್ತು! ಹಳೇ ಬುಝೂಕಿಯ ದಂಡಿಯೊಳಗೆ ಉಕ್ಕಿನ ಸರಳು ಇರುವುದಿಲ್ಲ, ಹತ್ತಾರು ವರ್ಷ ಆರು ತಂತಿ ಎಳೆದರೆ ಇನ್ನೇನಾಗುತ್ತದೆ?

ಮಾರನೇ ದಿನ ಆ ಹೆಂಗಸಿಗೆ ಫೋನ್ ಮಾಡಿ, ದಂಡಿಯ ಕೆಲಸ ಜಾಸ್ತಿ ಇದೆ ಅಂದೆ. ಕುದುರೆ ಇಳಿಸಿದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅದು ಅಪ್ಪ ಕೆತ್ತಿದ್ದು. ಇಲ್ಲಿಗೆ ಬಂದ ಮೊದಲ ವರ್ಷ, ಮುರಿದ ಕುರ್ಚಿ ಕಾಲಿಂದ” ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮಾಸ್ತೊರಾ ಮಾತ್ರ ಬೈದರು. “ಮರ ಕಳೆಯೋ ಕೆಲಸ ಯಾವತ್ತೂ ಕೊನೆಗೆ. ಮೊದಲು ವಾಪಸ್ ಬಿಚ್ಚಬಹುದಾದ್ದು ಮಾಡು” ಅಂದರು. ಆಮೇಲೆ ಅಂಟು ಕಾಯಿಸಲು ಹೇಳಿದರು.

ಅಲ್ಲಿಂದ ಅವರ ಕ್ರಮದಲ್ಲೇ ಮಾಡಿದೆ. ಹಳೇ ವಾದ್ಯಕ್ಕೆ ಚರ್ಮದ ಅಂಟೇ (ಪ್ರಾಣಿಯ ಚರ್ಮದಿಂದ ಮಾಡಿದ್ದು) ಸರಿ. ಅರವತ್ತು ಡಿಗ್ರಿ ಸುಮಾರಿಗೆ ಕರಗಿಸಿಟ್ಟುಕೊಳ್ಳಬೇಕು, ಕುದಿಸಿದರೆ ಕೆಟ್ಟಿತು. ಮುಂದೆ ಯಾರಾದರೂ ಬಿಸಿ, ತೇವ ಕೊಟ್ಟು ಮತ್ತೆ ಬಿಚ್ಚಬಹುದು. ಹೊಟ್ಟೆಯ ಸಂದಿಗೆ ತೆಳು ಅಂಟು ಇಳಿಸಿ, ಹಳೇ ಸೈಕಲ್ ಟ್ಯೂಬ್ ಸೀಳಿ ಸುತ್ತಿ ಬಿಗಿದೆ. ದುಂಡು ಹೊಟ್ಟೆಗೆ ಅದರಷ್ಟು ಒಳ್ಳೆಯ ಹಿಡಿತ ಯಾವ ದುಬಾರಿ ಕ್ಲ್ಯಾಂಪೂ ಕೊಡುವುದಿಲ್ಲ. ಮುಖದ ಬಿರುಕಿಗೆ ಒಳಗಿನಿಂದ ಅಡ್ಡಲಾಗಿ ಸಣ್ಣ ಮರದ ಬಿಲ್ಲೆಗಳನ್ನು ಕೂರಿಸಿದೆ. ದನಿರಂಧ್ರದೊಳಗೆ ಎರಡು ಬೆರಳು, ಹಲ್ಲಿನ ಡಾಕ್ಟರ ಕನ್ನಡಿ, ಮೂರು ದಿನ ಸೊಂಟನೋವು.

ದಂಡಿಗೆ ಮಾಸ್ತೊರಾ ತೋರಿಸಿದ ಉಪಾಯ ನನಗೆ ಹೊಸದು. ಸವೆದ ಮೆಟ್ಟಿಲುಗಳನ್ನು ಕಿತ್ತು, ಸೀಳಿಗಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ ಕಾಲಿನ ಹೊಸ ಮೆಟ್ಟಿಲುಗಳನ್ನು ಅದೇ ಸೀಳಿಗೆ ಬಡಿಯುವುದು. ಒಂದೊಂದೂ ಬೆಣೆಯ ಹಾಗೆ ಮರವನ್ನು ಅಗಲಿಸುತ್ತದೆ. ಎಲ್ಲ ಸೇರಿ ದಂಡಿಯನ್ನು ಹಿಂದಕ್ಕೆ ತಳ್ಳುತ್ತವೆ. ವೀಣೆಯಲ್ಲಿ ಮೇಣದ ಮೇಲೆ ಮೆಟ್ಟಿಲು ಕೂರಿಸುವ ಕೆಲಸ ನೋಡಿದವನಿಗೆ, ಮೆಟ್ಟಿಲಿನಿಂದ ದಂಡಿಯನ್ನೇ ನೆಟ್ಟಗೆ ಮಾಡಬಹುದು ಅಂತ ಹೊಳೆದಿರಲಿಲ್ಲ.

ದಂಡಿ ನೆಟ್ಟಗಾದ ಮೇಲೆ ನೋಡಿದರೆ ಉಜ್ಜಿದ ಕುದುರೆ ತೀರಾ ಗಿಡ್ಡ, ತಂತಿ ಮೆಟ್ಟಿಲಿಗೆ ತಾಗಿ ಜರ್ ಅನ್ನುತ್ತಿತ್ತು. ಅಂದರೆ ಅವರ ತಂದೆ ಕೆತ್ತಿದ ಎತ್ತರವೇ ಸರಿಯಾಗಿತ್ತು. ಅದರ ತಳಕ್ಕೆ ಎರಡು ಮಿಲಿಮೀಟರ್ ಕರಿಮರದ ಪಟ್ಟಿ ಅಂಟಿಸಿದೆ, ಚರ್ಮದ ಅಂಟಲ್ಲೇ. ತೆಳ್ಳಗಿನ ತಂತಿ ಹಾಕಿ ನಾಲ್ಕು ದಿನ ಸ್ವಲ್ಪ ಸ್ವಲ್ಪವಾಗಿ ಶ್ರುತಿ ಏರಿಸಿದೆ.

ವಾದ್ಯ ಒಯ್ಯಲು ಬಂದ ಆ ಹೆಂಗಸು ಮೊದಲು ಕುದುರೆಯನ್ನೇ ಬಗ್ಗಿ ನೋಡಿದರು. ಕಂದು ಮರದ ಕೆಳಗೆ ಕಪ್ಪು ಗೆರೆ ಎದ್ದು ಕಾಣುತ್ತಿತ್ತು. ಅದನ್ನು ಉಗುರಲ್ಲಿ ಒಮ್ಮೆ ಸವರಿ, “ಇದು ನಿನ್ನದಾ?” ಅಂದರು. ಹೌದು ಅಂದೆ. ಬಿಲ್ಲಿನಲ್ಲಿ ಕುದುರೆ ಕೆಲಸಕ್ಕೆ ಏನೂ ಬರೆಯಲಿಲ್ಲ.