ಬಿಸಿಜಿ ಹಿಂದಿನ ಸಂಜೆಯ ಫೋನು

ಮೂತ್ರದಲ್ಲಿ ನೋವಿಲ್ಲದೆ ರಕ್ತ ಹೋದರೆ ನಮ್ಮ ಕಡೆ ಮೊದಲು ಕೊಡುವ ಹೆಸರು 'ಉಷ್ಣ'. ಬಾರ್ಲಿ ನೀರು, ಎಳನೀರು ಕುಡಿದು ಎರಡು ದಿನಕ್ಕೆ ನಿಂತರೆ ಅಲ್ಲಿಗೆ ಮರೆತೇಬಿಡುತ್ತಾರೆ. ಮೂತ್ರಕೋಶದ ಕ್ಯಾನ್ಸರಿನ ರಕ್ತವೂ ಹೀಗೇ ಬಂದು ಹೋಗುತ್ತದೆ. ಬೀಡಿ, ಸಿಗರೇಟು ಸೇದುವವರು, ಸೇದಿ ಬಿಟ್ಟವರು ಒಂದೇ ಸಲ ಕಂಡರೂ ಯುರಾಲಜಿಸ್ಟ್ ಹತ್ತಿರ ಹೋಗಬೇಕು.

ಈ ಕ್ಯಾನ್ಸರಿನ ರೋಗಿಗಳ ಗುಂಪು ಎಂದರೆ ಮೇ ತಿಂಗಳ ಜಾಗೃತಿ ಜಾಥಾ, ಬ್ಯಾನರು ಅಂದುಕೊಂಡವರೇ ಹೆಚ್ಚು. ಅಮೆರಿಕದಲ್ಲಿ 2005ರಲ್ಲಿ ಹುಟ್ಟಿದ ಬ್ಲ್ಯಾಡರ್ ಕ್ಯಾನ್ಸರ್ ಅಡ್ವೊಕಸಿ ನೆಟ್‌ವರ್ಕ್ ಹೊಸ ರೋಗಿಯನ್ನು ಚಿಕಿತ್ಸೆ ಮುಗಿಸಿದವರ ಜೊತೆ ಫೋನಿನಲ್ಲಿ ಮಾತಾಡಿಸುತ್ತದೆ. ಕೊಡಗಿಗೆ ಬೇಕಾದದ್ದು ಅದೇ.

ಗಡ್ಡೆ ಕೆರೆದು ತೆಗೆದ ಮೇಲೆ, ಮರುಕಳಿಸುವ ಅಪಾಯ ಇರುವವರಿಗೆ ವಾರಕ್ಕೊಂದರಂತೆ 6 ಸಲ ಬಿಸಿಜಿಯನ್ನು (ಕ್ಷಯದ ಲಸಿಕೆಯಲ್ಲಿರುವ, ಬಲ ಕುಗ್ಗಿಸಿದ ಜೀವಂತ ಬ್ಯಾಕ್ಟೀರಿಯಾದ ಔಷಧಿ) ಕ್ಯಾತಿಟರ್ ಎಂಬ ಸಣ್ಣ ನಳಿಗೆಯ ಮೂಲಕ ಮೂತ್ರಕೋಶಕ್ಕೆ ಬಿಡುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಅಷ್ಟು ದೂರ ಹೋದಾಗ 'ಸ್ಟಾಕಿಲ್ಲ', 'ಸೋಂಕಿದೆ, ಆಮೇಲೆ ಬನ್ನಿ' ಅಂದರೆ ದಿನದ ಕೂಲಿಯೂ ಬಸ್ ಚಾರ್ಜೂ ದಂಡ. ಹಾಗಾಗಿ ಹಿಂದಿನ ಸಂಜೆಯೇ ಗುಂಪಿನವರೊಬ್ಬರು ವಿಚಾರಿಸಬೇಕು: ಔಷಧಿ ಬಂದಿದೆಯಾ, ಮೂತ್ರ ಪರೀಕ್ಷೆಯ ರಿಪೋರ್ಟ್ ಏನು, ಜ್ವರ ಇದೆಯಾ, ರಕ್ತ ಹೋಗುತ್ತಿದೆಯಾ. ಬೆಳಗಿನ ಕಾಫಿಗೆ ಅವತ್ತು ಕತ್ತರಿ. ನಾಲ್ಕು ಗಂಟೆ ಮೊದಲಿನಿಂದ ಕುಡಿಯುವುದು ಕಡಿಮೆ ಮಾಡಬೇಕು.

ಔಷಧಿಯನ್ನು ಎರಡು ತಾಸು ಮೂತ್ರಕೋಶದೊಳಗೇ ಹಿಡಿದಿಡಬೇಕು. ಅದನ್ನು ಬಸ್ಸಿನಲ್ಲಿ ಕೂತು ಮಾಡಲು ಹೋಗಿ ಹುಣಸೂರಿನ ಹತ್ತಿರ ರಸ್ತೆ ಬದಿಗೆ ಇಳಿಯುವುದು ದೊಡ್ಡ ತಪ್ಪು. ಆ ಮೂತ್ರದಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಔಷಧಿ ಬಿಟ್ಟ ಮೇಲೆ ಆರು ತಾಸು ಗಂಡಸರೂ ಕೂತೇ ಮೂತ್ರ ಮಾಡಬೇಕು, ಪ್ರತಿ ಸಲ ಬ್ಲೀಚ್ ಸುರಿದು 15 ನಿಮಿಷ ಬಿಟ್ಟು ಫ್ಲಶ್ ಮಾಡಬೇಕು. ಆ ಹೊತ್ತು ಮೈಸೂರಿನಲ್ಲೇ ಕಳೆಯುವಂತೆ ಒಂದು ಕೋಣೆ ಗೊತ್ತುಮಾಡಿಕೊಟ್ಟರೆ ಭಾಷಣಕ್ಕಿಂತ ದೊಡ್ಡ ಉಪಕಾರ. ಚಳಿಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗಲಿ ಅಂತ ಕಾಯಬಾರದು.

ಮೂತ್ರಕೋಶವನ್ನೇ ತೆಗೆದು ಹೊಟ್ಟೆ ಮೇಲೆ ಚೀಲ ಹಾಕುವವರಿಗೆ ಆಪರೇಷನ್‌ಗೆ ಮೊದಲೇ ಜಾಗ ಗುರುತಿಸಬೇಕು, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ. ಸೀರೆ, ಪ್ಯಾಂಟು, ಕುಪ್ಯದ (ಕೊಡವರ ಉದ್ದ ಕೋಟು) ಮೇಲಿನ ಚೇಲೆ (ಸೊಂಟಪಟ್ಟಿ) ಎಲ್ಲಿ ಬಿಗಿಯುತ್ತದೆ ಅಂತ ರೋಗಿಯೇ ಬಾಯಿಬಿಟ್ಟು ಹೇಳಬೇಕು. ಸ್ಟೋಮಾ (ಮೂತ್ರ ಹೊರಬರಲು ಹೊಟ್ಟೆ ಮೇಲೆ ಮಾಡಿದ ದ್ವಾರ) ಮೊದಲ 6-8 ವಾರ ಕುಗ್ಗುತ್ತಲೇ ಇರುತ್ತದೆ, ಚೀಲದ ಅಂಟುಪಟ್ಟಿಯ ತೂತನ್ನು ಹಳೆ ಅಳತೆಗೆ ಕತ್ತರಿಸಿದರೆ ಮೂತ್ರ ತಾಗಿ ಚರ್ಮ ಸುಲಿಯುತ್ತದೆ. ಪ್ರತಿ ಸಲ ಅಳೆದು ಸ್ಟೋಮಾಗಿಂತ 2-3 ಮಿ.ಮೀ. ಮಾತ್ರ ದೊಡ್ಡದಾಗಿ ಕತ್ತರಿಸಿ. ಮಳೆಗಾಲದಲ್ಲಿ ಚರ್ಮ ಪೂರ್ತಿ ಒಣಗದೆ ಅಂಟಿಸಿದರೆ ಸಂಜೆಯೊಳಗೆ ಸೋರುತ್ತದೆ. ಉರಿಗೆ ಅಂತ ತೆಂಗಿನೆಣ್ಣೆ ಸವರಿದರಂತೂ ಅಂಟುವುದೇ ಇಲ್ಲ.