ಚಂದ್ರಂಪಳ್ಳಿಯ ಕೆಸರಿನಲ್ಲಿ ಪ್ರಾಣಿಗಳ ಹೆಜ್ಜೆ ನೋಡಲು ಹೋಗುವವರಿಗೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಚಿರತೆಯ ಹೆಜ್ಜೆ ತೋರಿಸುತ್ತೇನೆಂದು ಯಾರಾದರೂ ಹಣ ಕೇಳಿದರೆ, ಕೊಡುವ ಮೊದಲು ಬಗ್ಗಿ ಉಗುರಿನ ಗುರುತು ಇದೆಯೇ ಎಂದು ನೋಡಿರಿ. ನಮ್ಮನ್ನು ಟಂಟಂ ಎಂಬ ಬಾಡಿಗೆ ಆಟೊದಲ್ಲಿ ಕರೆದೊಯ್ದವನು ಬಾಡಿಗೆಯ ಮೇಲೆ ಗೈಡ್ ಚಾರ್ಜ್ ಎಂದು ಮತ್ತಷ್ಟು ವಸೂಲು ಮಾಡಿ, ನೀರಿನಂಚಿಗೆ ಕರೆದುಕೊಂಡು ಹೋಗಿ, ಅಂಗೈಯಗಲದ ಒಂದು ಹೆಜ್ಜೆಯನ್ನು ತೋರಿಸಿದನು. ಅದರ ನಾಲ್ಕೂ ಬೆರಳುಗಳ ಮುಂದೆ ಉಗುರು ಚುಚ್ಚಿದ ತೂತುಗಳು ಸ್ಪಷ್ಟವಾಗಿದ್ದವು. ಬೆಕ್ಕಿನ ಜಾತಿಯ ಪ್ರಾಣಿ ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಂಡಿರುತ್ತದೆ. ಜಾರಿದಾಗಲೋ ನೆಗೆಯುವಾಗಲೋ ಮಾತ್ರ ಅವು ನೆಲಕ್ಕೆ ತಾಗುತ್ತವೆ. ಆ ಸಾಲಿನಲ್ಲಿ ಜಾರಿದ ಲಕ್ಷಣವೇ ಇರಲಿಲ್ಲ. ಅದು ನಾಯಿಯ ಹೆಜ್ಜೆ. ಹೇಳಿದರೆ ಅವನು ಒಪ್ಪಲಿಲ್ಲ, ಹಣವನ್ನೂ ಮರಳಿ ಕೊಡಲಿಲ್ಲ. ದೂರದ ಊರುಗಳಿಂದ ಮಕ್ಕಳನ್ನು ಕರೆದುಕೊಂಡು ಬಂದವರು ಅದನ್ನೇ ನಂಬಿ, ಫೋಟೊ ತೆಗೆದುಕೊಂಡು ಹೋಗುತ್ತಾರಲ್ಲ ಎಂಬ ಬೇಸರವೇ ಇದನ್ನು ಬರೆಯಲು ಕಾರಣ.

ಇಂಥ ಮೋಸ ನಡೆಯುವುದು ಮೆತ್ತನೆಯ ಕೆಸರಿನಲ್ಲಿ. ಹಿಮ ಬೀಳುವ ನಾಡುಗಳಲ್ಲಿ ಬಿಸಿಲಿಗೆ ಹಿಮದ ಅಂಚು ಕರಗಿ ಸಣ್ಣ ಹೆಜ್ಜೆಯೂ ದೊಡ್ಡದಾಗಿ ಕಾಣುವಂತೆ, ನಮ್ಮಲ್ಲಿ ನೀರು ತುಂಬಿದ ಕೆಸರಿನಲ್ಲಿ ಬೆರಳುಗಳು ಅಗಲಿ, ಅಂಚುಗಳು ಹೊರಕ್ಕೆ ಜರಿದು, ಸಾಧಾರಣ ಊರನಾಯಿಯ ಹೆಜ್ಜೆ ಕಾಡುಮೃಗದ ಹೆಜ್ಜೆಯಷ್ಟು ಅಗಲವಾಗುತ್ತದೆ. ಆದ್ದರಿಂದ ನೀರಿಗೆ ತೀರ ಹತ್ತಿರದ ಹೆಜ್ಜೆಯನ್ನು ಬಿಟ್ಟು, ಅದೇ ಸಾಲನ್ನು ಹಿಡಿದು ನಾಲ್ಕಾರು ಮಾರು ಮೇಲಕ್ಕೆ ಹೋಗಿ, ನೆಲ ಗಟ್ಟಿಯಾಗಿ ತೇವವಷ್ಟೇ ಉಳಿದಿರುವ ಕಡೆ ನೋಡಬೇಕು. ಅಳೆಯುವಾಗಲೂ ಮೇಲಿನ ಅಂಚನ್ನು ಬಿಟ್ಟು ಕುಳಿಯ ತಳವನ್ನೇ ಅಳೆಯಬೇಕು. ಹತ್ತು ರೂಪಾಯಿಯ ನಾಣ್ಯದ ವ್ಯಾಸ 27 ಮಿ.ಮೀ. ಇರುವುದರಿಂದ, ಅದನ್ನು ಹೆಜ್ಜೆಯ ಪಕ್ಕದಲ್ಲಿಟ್ಟು ನೇರ ಮೇಲಿನಿಂದ ಫೋಟೊ ತೆಗೆದರೆ ಮನೆಗೆ ಬಂದ ಮೇಲೂ ಅಳತೆ ಸಿಗುತ್ತದೆ.

ಈ ಜಲಾಶಯವಿರುವ ಚಿಂಚೋಳಿ ವನ್ಯಜೀವಿ ಅಭಯಾರಣ್ಯವು 2011ರಲ್ಲಿ ಘೋಷಣೆಯಾದದ್ದು. ವಿಸ್ತೀರ್ಣ ಸುಮಾರು 134 ಚದರ ಕಿ.ಮೀ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡಕುರಿಗಳು ಇಲ್ಲಿನ ಪ್ರಾಣಿಗಳು. ಅವು ಕಣ್ಣಿಗೆ ಬೀಳುತ್ತವೆಂಬ ನಂಬಿಕೆಯಿಂದ ಹೋದವರು ಹೆಚ್ಚಾಗಿ ನಿರಾಶರಾಗಿ ಹಿಂದಿರುಗುತ್ತಾರೆ. ಆದರೆ ಮಳೆಗಾಲ ಮುಗಿದು ಜಲಾಶಯದ ನೀರು ಇಳಿಯುತ್ತಾ ಹೋದಂತೆ ದಂಡೆಯಲ್ಲಿ ದಿನದಿನವೂ ಹೊಸ ಕೆಸರು ತೆರೆದುಕೊಳ್ಳುವುದರಿಂದ, ರಾತ್ರಿ ನೀರಿಗೆ ಬಂದುಹೋದವುಗಳ ಗುರುತು ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಚೆನ್ನಾಗಿ ಸಿಗುತ್ತದೆ. ಬೇಸಿಗೆಯಲ್ಲಿ ಹೋದರೆ ಅದೇ ನೆಲ ಒಣಗಿ ಬಿರುಕುಬಿಟ್ಟಿರುತ್ತದೆ. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆಯೇ ಮುಖ್ಯ. ಬಿಸಿಲು ಓರೆಯಾಗಿ ಬಿದ್ದಾಗ ಕುಳಿಯೊಳಗೆ ನೆರಳು ನಿಂತು ಅಂಚು ಎದ್ದು ಕಾಣುತ್ತದೆ. ಸೂರ್ಯ ನಿಮ್ಮ ಎದುರಿಗಿರುವಂತೆ ನಿಂತು, ಹೆಜ್ಜೆ ನಿಮಗೂ ಸೂರ್ಯನಿಗೂ ನಡುವೆ ಇರುವಂತೆ ನೋಡಿರಿ. ಮಧ್ಯಾಹ್ನ ಅದೇ ಜಾಗದಲ್ಲಿ ನಿಂತರೆ ಅರ್ಧದಷ್ಟೂ ಕಾಣುವುದಿಲ್ಲ.

ತೋಳ ಮತ್ತು ನಾಯಿಯ ವಿಷಯವೇ ಬಹಳ ಕಷ್ಟದ್ದು. ಎರಡಕ್ಕೂ ನಾಲ್ಕು ಬೆರಳು, ಎರಡಕ್ಕೂ ಉಗುರು. ಒಂದೇ ಒಂದು ಹೆಜ್ಜೆಯನ್ನು ನೋಡಿ ಇದು ತೋಳವೆಂದು ಖಚಿತವಾಗಿ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಅಭಯಾರಣ್ಯದ ಹೊರಗಿನ ಬೀಳು ಹೊಲದಲ್ಲಿ ಕುರಿ ಹಟ್ಟಿ ಹಾಕಿಕೊಂಡಿದ್ದ ವಯಸ್ಸಾದ ಕುರಿಗಾಹಿಯೊಬ್ಬರು ನಮಗೆ ಇದನ್ನು ಕಲಿಸಿಕೊಟ್ಟರು. ಕಾಲುದಾರಿಯ ಧೂಳಿನಲ್ಲಿ ಎರಡು ಸಾಲುಗಳಿದ್ದವು. ಒಂದನ್ನು ಕೋಲಿನಿಂದ ತೋರಿಸಿ, "ಇದು ನಮ್ಮ ನಾಯಿದು ನೋಡ್ರಿ, ಆಕಡಿ ಈಕಡಿ ಮೂಸಗೋತ ಹೋಗ್ಯದ. ತ್ವಾಳ ಹಂಗ ತಿರಗಂಗಿಲ್ರಿ ಸರ, ನೆಟ್ಟಗ ಹೋಗ್ತದ," ಎಂದರು. ಇನ್ನೊಂದು ಸಾಲು ನಿಜವಾಗಿಯೂ ದಾರ ಹಿಡಿದು ಎಳೆದಷ್ಟು ನೇರವಾಗಿ ಹೊಲ ದಾಟಿತ್ತು. ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬಿದ್ದು, ಎರಡು ಕಾಲಿನ ಪ್ರಾಣಿ ನಡೆದಂತೆ ಒಂಟಿ ಸಾಲಾಗಿತ್ತು. ಹೆಜ್ಜೆ ಉದ್ದವಾಗಿತ್ತು, ನಡುವಿನ ಎರಡು ಬೆರಳುಗಳು ಮುಂದಕ್ಕೆ ಚಾಚಿದ್ದವು. ದುಡ್ಡು ಕೊಡಲು ಹೋದರೆ ಅವರು ಮುಟ್ಟಲಿಲ್ಲ, ಚಹಾ ಕುಡಿದು ಹೋಗಿರೆಂದರು. ಹೆಜ್ಜೆ ಕಲಿಯಬೇಕೆನ್ನುವವರು ಟಂಟಂನವನನ್ನು ಬಿಟ್ಟು ಇಂಥ ಹಿರಿಯರನ್ನು ಕೇಳಬೇಕು.

ಕತ್ತೆಕಿರುಬದ ಗುರುತು ಇವೆರಡಕ್ಕಿಂತ ಸುಲಭ. ಅದರ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಕಣ್ಣಿಗೆ ಕಾಣುವಷ್ಟು ದೊಡ್ಡದು, ಬೆರಳುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಮೂಳೆಯನ್ನು ಅಗಿದು ತಿನ್ನುವ ಪ್ರಾಣಿಯಾದ್ದರಿಂದ ಅದರ ಮಲ ಒಣಗಿದಾಗ ಬಿಳಿಚಿಕೊಂಡಿರುತ್ತದೆ. ಮುಳ್ಳುಹಂದಿಯ ಹೆಜ್ಜೆಯ ಹಿಂದೆ ಮುಳ್ಳುಗಳು ನೆಲವನ್ನು ಗೀರಿದ ಸಣ್ಣ ಗೆರೆಗಳನ್ನು ಹುಡುಕಿರಿ. ಉಡ ಬಾಲ ಎಳೆದುಕೊಂಡು ಹೋದ ಗೆರೆ ಅಂಕುಡೊಂಕಾಗಿರುತ್ತದೆ. ನವಿಲು ಎಲ್ಲೆಡೆ ಇದೆ.

ಗೊರಸಿನ ಗುರುತುಗಳಲ್ಲಿ ಬಹುಪಾಲು ತಾಂಡಾಗಳ ಆಡು, ದನಗಳವೇ. ಕೃಷ್ಣಮೃಗದ, ಅಂದರೆ ಚಿಗರಿಯ, ಗೊರಸು ಕಿರಿದಾಗಿ, ತುದಿ ಚೂಪಾಗಿ ಮೂಡುತ್ತದೆ; ಕುರಿಯದು ತುದಿಯಲ್ಲಿ ದುಂಡಗಿರುತ್ತದೆ. ಕಾಡುಹಂದಿಯದರಲ್ಲಿ ಎರಡು ಗೊರಸುಗಳ ಹಿಂದೆ, ತುಸು ಹೊರಗಡೆಗೆ, ಇನ್ನೆರಡು ಚುಕ್ಕೆಗಳು ಒತ್ತಿರುತ್ತವೆ. ತೊಗರಿ ಕೊಯ್ಲಿನ ಕಾಲವಾದ್ದರಿಂದ ಹಂದಿ, ಚಿಗರಿಗಳ ಓಡಾಟ ಹೊಲಗಳ ಬದುವಿನಲ್ಲೇ ಹೆಚ್ಚು. ಆದರೆ ಅನುಮತಿ ಕೇಳದೆ ಯಾರ ಹೊಲಕ್ಕೂ ಇಳಿಯಬೇಡಿರಿ, ರಾಶಿ ಮಾಡುತ್ತಿರುವವರಿಗೆ ಅಡ್ಡಿಯಾಗುತ್ತದೆ.

ಹೆಜ್ಜೆ ಎಷ್ಟು ಹೊಸದೆಂದು ತಿಳಿಯಲು ಇಬ್ಬನಿಯೇ ಸಾಕು. ಮರದ ಕೆಳಗೆ ಇಬ್ಬನಿ ತೊಟ್ಟಿಕ್ಕಿ ಸುತ್ತಲಿನ ಧೂಳಿನಲ್ಲಿ ಸಣ್ಣ ಕುಳಿಗಳಾಗಿದ್ದು, ಹೆಜ್ಜೆಯೊಳಗೆ ಅವು ಇಲ್ಲದಿದ್ದರೆ, ಪ್ರಾಣಿ ಬೆಳಗಿನ ಜಾವ ಇಬ್ಬನಿ ಬಿದ್ದ ಮೇಲೆ ಹೋಗಿದೆ. ಹೆಜ್ಜೆಯ ಮೇಲೆ ಹುಳುವೊಂದು ಹರಿದ ಗೆರೆಯಿದ್ದರೆ ಆ ಹೆಜ್ಜೆ ಹುಳು ಹರಿಯುವುದಕ್ಕೂ ಹಿಂದಿನದು.

ಚಿಂಚೋಳಿಯಲ್ಲಿ ನಾವು ಉಳಿದ ಕೋಣೆಗೆ ಕಾಡು ಕಾಣುವ ಕೋಣೆಯೆಂದು ಹೆಚ್ಚು ಬಾಡಿಗೆ ಹಿಡಿದರು; ಕಿಟಕಿ ತೆರೆದರೆ ಪಕ್ಕದ ಗೋಡೆ. ಬಸ್ ನಿಲ್ದಾಣದ ಬಳಿ, ಅಕ್ಕತಂಗಿಯರಿಬ್ಬರು ನಡೆಸುವ ಹೆಸರಿಲ್ಲದ ಖಾನಾವಳಿಯೊಂದು ಆ ಸಿಟ್ಟನ್ನೆಲ್ಲ ಮರೆಸಿತು. ಒಲೆಯ ಮುಂದೆ ಕುಳಿತು ಬಡಿಯುತ್ತಿದ್ದ ಬಿಸಿ ಜೋಳದ ರೊಟ್ಟಿ ತಟ್ಟೆಗೆ ಬರುವಾಗ ಇನ್ನೂ ಉಬ್ಬಿಕೊಂಡೇ ಇರುತ್ತಿತ್ತು. ಅದರ ಜೊತೆ ಪುಂಡಿ ಪಲ್ಯ, ಎಣ್ಣೆಗಾಯಿ, ಮೊಸರು ಕಲಸಿದ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ತೊಗರಿ ಬೇಳೆಯನ್ನು ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಗಟ್ಟಿಯಾಗಿ ಮಾಡಿದ್ದರು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತೆಂದು ಓದಿದವರು, ಅದರ ರುಚಿಯೇನೆಂದು ತಿಳಿಯಲು ಇಲ್ಲಿ ಉಣ್ಣಬೇಕು. ಬೆಳಗ್ಗೆ ಬೇಗ ಹೊರಡುತ್ತೇವೆಂದು ರಾತ್ರಿಯೇ ಹೇಳಿಟ್ಟರೆ ರೊಟ್ಟಿ, ಹಿಂಡಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಡುತ್ತಾರೆ. ಚಂದ್ರಂಪಳ್ಳಿಯಲ್ಲಿ ಊಟ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿರಿ.

ಭಾನುವಾರ ಹೋಗಲೇಬೇಡಿರಿ. ಜಲಾಶಯಕ್ಕೆ ವಿಹಾರಕ್ಕೆ ಬರುವವರ ಚಪ್ಪಲಿಯ ಗುರುತುಗಳ ನಡುವೆ ಒಂದು ಹೆಜ್ಜೆಯೂ ಉಳಿದಿರುವುದಿಲ್ಲ, ಗದ್ದಲವನ್ನಂತೂ ನನ್ನಿಂದ ತಡೆದುಕೊಳ್ಳಲಾಗದು. ನೇರ ಸಾಲೊಂದು ಕುರುಚಲು ಗುಡ್ಡದ ಬಿಲದತ್ತ ಹೋಗಿದ್ದರೆ ಅದನ್ನು ಹಿಂಬಾಲಿಸಬೇಡಿರಿ. ತೋಳಗಳು ನಮ್ಮ ಕಡೆ ಮರಿ ಹಾಕುವುದು ಚಳಿಗಾಲದಲ್ಲಿಯೇ. ಮನುಷ್ಯನ ಸುಳಿವು ಸಿಕ್ಕಿದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಹೋಗುತ್ತದೆ, ಬಿಲದ ಜಾಗ ಬೇಡದವರ ಕಿವಿಗೂ ಬೀಳುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಕಾಲಿಡಲು ಅನುಮತಿ ಬೇಕು. ಅದನ್ನು ಹಿಂದಿನ ದಿನವೇ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ಪಡೆದಿಟ್ಟುಕೊಳ್ಳಿರಿ. ಅಂದೇ ಬೆಳಗ್ಗೆ ಕೇಳೋಣವೆಂದರೆ ಕಚೇರಿಯ ಬಾಗಿಲು ತೆರೆಯುವಷ್ಟರಲ್ಲಿ ಬಿಸಿಲು ನೆತ್ತಿಯತ್ತ ಏರಿ, ಹೆಜ್ಜೆಗಳ ನೆರಳು ಹೋಗಿಬಿಟ್ಟಿರುತ್ತದೆ.