ಹೋಲ್ಡಾನ್, ಹೋಲ್ಡಾನ್

ದಾವಣಗೆರೆಯಲ್ಲಿ ಆಟಿಸಂ ಇರುವ ಮಕ್ಕಳಿಗೆ ಒಬ್ಬೊಬ್ಬರಿಗೇ ಕಲಿಸುವ ಕೆಲಸ ನನ್ನದು. ಒಂದು ಚಿಕ್ಕ ಕೋಣೆ, ಒಂದು ಚಾಪೆ, ಒಂದು ಮಗು, ನಾನು. ಮುಕ್ಕಾಲು ಗಂಟೆ.

ಹರಿಹರದ ಕಡೆಯಿಂದ ಒಬ್ಬ ಹುಡುಗ ಅಮ್ಮನ ಜೊತೆ ಬಸ್ಸಲ್ಲಿ ಬರುತ್ತಿದ್ದ. ಏನು ಕೇಳಿದರೂ ಉತ್ತರ ಇಲ್ಲ. ಮಣಿ ಪೋಣಿಸಲು ಕೂರಿಸಿದರೆ ನಾಲ್ಕು ಮಣಿ ಆಗುವಷ್ಟರಲ್ಲಿ "ಹೋಲ್ಡಾನ್, ಹೋಲ್ಡಾನ್" ಎಂದು ಕೂಗುತ್ತಿದ್ದ. ಥೇಟ್ ಕಂಡಕ್ಟರ್ ದನಿ. ಆ ಅಭ್ಯಾಸ ಬಿಡಿಸಬೇಕು ಅಂದುಕೊಂಡೆ ನಾನು. "ಮಣಿ ನೋಡು ಪುಟ್ಟಾ, ಮಣಿ" ಎಂದು ಕೈ ಹಿಡಿದು ಮತ್ತೆ ಪೋಣಿಸುತ್ತಿದ್ದೆ. ಅವನ ದನಿ ಏರುತ್ತಿತ್ತು. ಕೊನೆಗೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಎರಡು ವಾರ ಹೀಗೇ ಹೋಯಿತು. ನೆನೆದರೆ ಈಗಲೂ ಸಂಕಟ ಆಗುತ್ತದೆ.

ಒಂದು ದಿನ ಅವರಮ್ಮ ಅಂದರು, "ಬಸ್ಸಲ್ಲಿ ಕಂಡಕ್ಟರ್ ಹತ್ರನೇ ಕುಂದ್ರಬೇಕ್ರೀ ಮಿಸ್ ಇವನಿಗೆ. ಹೋಲ್ಡಾನ್ ಅಂದ ಕೂಡ್ಲೇ ಗಾಡಿ ನಿಲ್ತದಲ್ಲ, ಅದೇ ಖುಷಿ."

ಮರುದಿನ ಅವನು ಕೂಗಿದ ತಕ್ಷಣ ದಾರ ಕೆಳಗಿಟ್ಟೆ. ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ನೆ ಕೂತೆ. ಅವನೂ ಸುಮ್ಮನಾದ. ನನ್ನ ಕೈ ನೋಡಿದ, ದಾರ ನೋಡಿದ. ಒಂದೆರಡು ನಿಮಿಷ ಆಗಿರಬೇಕು. ಆಮೇಲೆ ಮೆಲ್ಲಗೆ "ರೈಟ್, ರೈಟ್" ಅಂದ. ಐದನೇ ಮಣಿ ತಾನೇ ಎತ್ತಿಕೊಂಡ.

ಕೇಳಿದ್ದನ್ನೇ ಹೀಗೆ ತಿರುಗಿ ಹೇಳುವುದಕ್ಕೆ ಎಕೋಲೇಲಿಯಾ ಎನ್ನುತ್ತಾರೆ. 1943ರಲ್ಲೇ ಡಾಕ್ಟರ್ ಲಿಯೋ ಕ್ಯಾನರ್ ತಾವು ನೋಡಿದ 11 ಮಕ್ಕಳ ಬಗ್ಗೆ ಬರೆದಾಗ ಇದನ್ನು ಗುರುತಿಸಿದ್ದರು. "ನಿಂಗೆ ನೀರು ಬೇಕಾ?" ಎಂದು ಮಗು ಹೇಳಿದರೆ ಬಾಯಾರಿರುವುದು ಮಗುವಿಗೇ. ಟ್ರೈನಿಂಗಲ್ಲಿ ಇದೆಲ್ಲ ಓದಿದ್ದೆ. ಆದರೂ ನನ್ನ ಚಾಪೆ ಮೇಲೆ ಕೂತು ಒಬ್ಬ ಹುಡುಗ ದಿನಾ ಹೇಳುತ್ತಿದ್ದದ್ದು ಕೇಳಿಸಲಿಲ್ಲ. ಇಪ್ಪತ್ತು ಮಕ್ಕಳ ಕ್ಲಾಸಾಗಿದ್ದರೆ ಎಂದೂ ಕೇಳಿಸುತ್ತಿರಲಿಲ್ಲವೇನೋ.

ಈಗ ಹೊಸ ಮಗು ಬಂದರೆ ಮನೆಯವರನ್ನು ಮೊದಲು ಇದನ್ನೇ ಕೇಳುತ್ತೇನೆ: ಯಾವ ಮಾತು ಜಾಸ್ತಿ ಹೇಳುತ್ತದೆ, ಎಲ್ಲಿ ಕೇಳಿದ್ದು? ನೋಟ್‌ಬುಕ್ಕಲ್ಲಿ ಬರೆದಿಡುತ್ತೇನೆ. ಒಬ್ಬಳು ಸದ್ದು ಜಾಸ್ತಿಯಾದರೆ "ಕುಕ್ಕರ್ ಆಫ್ ಮಾಡು" ಎನ್ನುತ್ತಾಳೆ. ಫ್ಯಾನ್ ನಿಲ್ಲಿಸಿದರೆ ಕಿವಿಯಿಂದ ಕೈ ತೆಗೆಯುತ್ತಾಳೆ.

ಕಳೆದ ತಿಂಗಳು ಆ ಹುಡುಗನ ಟೈಮ್ ಮುಗಿದಿತ್ತು. ಅವರಮ್ಮ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನಾನು ಎದ್ದು ಬಾಗಿಲ ಕಡೆ ಹೊರಟೆ. ಹಿಂದಿನಿಂದ ದನಿ ಬಂತು. "ಹೋಲ್ಡಾನ್."

ಮತ್ತೆ ಬಂದು ಚಾಪೆ ಮೇಲೆ ಕೂತೆ. ಅವನು ಮಣಿ ಡಬ್ಬಿ ನನ್ನ ಕಡೆ ತಳ್ಳಿದ.

"ಮುಂದಿನ ಬಸ್ಸಿಗೆ ಹೋದ್ರಾಯ್ತು ಬಿಡ್ರೀ ಮಿಸ್" ಅಂದರು ಅವರಮ್ಮ, ಚಪ್ಪಲಿ ಬಿಡುತ್ತಾ.